ಕೊದೋನ್ಯೊದಲ್ಲಿ ಗಾಡಿ ಬದಲಿಸುವುದು

ಮೆಟುಚೆನ್, ನ್ಯೂಜೆರ್ಸಿ
19 ಜನವರಿ 2025

ಪ್ರೀತಿಯ ನಿರು,

ವೈನಿ ಇದ್ದಕ್ಕಿದ್ದ ಹಾಗೆ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಐಸ್ ಮೇಲೆ ಕಾಲು ಜಾರಿ ಬಿದ್ದು ಎಡಗೈ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡಿದ್ದೇನೆ. ಒಂದೇ ಕೈಯಲ್ಲಿ ಫೋನ್ ಹಿಡಿದು ಟೈಪ್ ಮಾಡುವುದು ದೊಡ್ಡ ರಗಳೆ. ಪೆನ್ನು ಹಿಡಿಯುವ ಕೈ ನೆಟ್ಟಗಿದೆ, ಅದಕ್ಕೆ ಕಾಗದ.

ನಿಮ್ಮಣ್ಣ ಮೇ ಕೊನೆಗೆ ಇಟಲಿಗೆ ಬರುವುದೆಂದು ತೀರ್ಮಾನ ಮಾಡಿದ್ದಾರೆ. ಮೆಮೋರಿಯಲ್ ಡೇ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು ಹೊರಡುವುದಂತೆ. ತಂಗಿ ಒಬ್ಬಳೇ ಪರದೇಶದಲ್ಲಿ ಏನು ಮಾಡುತ್ತಿದ್ದಾಳೋ ಕಣ್ಣಾರೆ ನೋಡಿಬರಬೇಕಂತೆ. ಮೊದಲು ಮಿಲಾನ್, ಆಮೇಲೆ ನಿನ್ನ ಕ್ರೆಮೋನಾ.

ಅಲ್ಲಿಯ ರೈಲಿನ ಸಂಗತಿ ನನಗೊಂದೂ ತಿಳಿಯದು. ಇಂಟರ್ನೆಟ್‌ನಲ್ಲಿ ನೋಡಿ ಅನ್ನಬೇಡ. ದಿನಾ ಓಡಾಡುವ ನಿನ್ನ ಬಾಯಿಂದಲೇ ಬೇಕು. ಮಿಲಾನಿನಿಂದ ವೇಗದ ಗಾಡಿ ಹಿಡಿಯಬೇಕೋ ಲೋಕಲ್ಲೋ? ನಡುವೆ ಎಲ್ಲಿ ಬದಲಿಸಬೇಕು? ಬದಲಿಸುವ ಕಡೆ ವಾಪಸ್ ಮಿಲಾನಿನ ಕಡೆಗೆ ಹೋಗುವ ಗಾಡಿಯೂ ಸಿಗುತ್ತದೆಯೇ? ಇನ್ನೊಂದು, ನಗಬಾರದು. ಬಾಗಿಲು ಮುಚ್ಚಿದ ಮೇಲೆ ಒಳಗಿದ್ದವರು ಅದನ್ನು ತೆರೆಯಬಹುದೇ?

ಇದನ್ನೆಲ್ಲ ಅಣ್ಣನಿಗೆ ಹೇಳಿ ನನ್ನ ಮಾನ ಕಳೆಯಬೇಡ. ಉತ್ತರ ಪಕ್ಕದ ಮನೆ ಲಕ್ಷ್ಮಮ್ಮನವರ ವಿಳಾಸಕ್ಕೆ ಬರೆ, ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ಸ್ನೋ ತೆಗೆಯುವ ಗಾಡಿ ಗುದ್ದಿ ನಮ್ಮ ಮೇಲ್‌ಬಾಕ್ಸ್ ಮುರಿದುಬಿದ್ದಿದೆ.

ನಿನ್ನ ವೈನಿ,
ಅಕ್ಷತಾ


ಕ್ರೆಮೋನಾ
4 ಫೆಬ್ರವರಿ 2025

ವೈನಿಗೆ ಶರಣು.

ನಿಮ್ಮ ಕಾಗದ ಕೊಡುವಾಗ ನಮ್ಮ ಪೋಸ್ಟಿನವಳು ನನ್ನನ್ನೂ ಅಂಚೆಚೀಟಿಯನ್ನೂ ಎರಡೆರಡು ಸಲ ನೋಡಿದಳು. ಈ ಕಾಲದಲ್ಲಿ ಯಾರು ಬರೆಯುತ್ತಾರೆ ಹೇಳಿ? ಐಸ್ ಮೇಲೆ ಬಾತುಕೋಳಿಯ ಹಾಗೆ ನಡೆಯಬೇಕೆಂದು ಅಣ್ಣ ಹೇಳಿಕೊಟ್ಟಿಲ್ಲವೇ? ಇಷ್ಟು ವರ್ಷ ಜೆರ್ಸಿಯಲ್ಲಿದ್ದು ಹೆಂಡತಿಗೆ ನಡೆಯುವುದನ್ನೂ ಕಲಿಸಿಲ್ಲವೆಂದರೆ ಏನನ್ನೋಣ.

ಈಗ ರೈಲಿನ ಪಾಠ. ವೇಗದ ಗಾಡಿ ಬ್ರೆಷಿಯಾಕ್ಕೆ ಕರೆದುಕೊಂಡು ಹೋಗುತ್ತದೆ. ಟಿಕೆಟ್ಟಿನಲ್ಲಿ ಹೆಸರು, ಡಬ್ಬಿ, ಸೀಟು ಎಲ್ಲ ಅಚ್ಚಾಗಿರುತ್ತದೆ. ಮಹಾರಾಣಿಯ ಹಾಗೆ ಕೂತು ಹೋಗಬಹುದು. ಅಲ್ಲಿ ಇಳಿದು ಲೋಕಲ್ ಹಿಡಿದು ಕೆಳಗೆ ನಮ್ಮೂರಿಗೆ. ದುಡ್ಡು ಹೆಚ್ಚು, ಸುತ್ತು ಬೇರೆ. ಮಿಲಾನಿನಿಂದ ನೇರ ಲೋಕಲ್ ಇದೆ, ಆದರೆ ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು. ನೇರ ಗಾಡಿ ತಪ್ಪಿದವರು ಪಿಯಾಚೆಂಝಾ ಕಡೆಯ ಲೋಕಲ್ ಹತ್ತಿ ಕೊದೋನ್ಯೊ ಎಂಬಲ್ಲಿ ಇಳಿದು ಕ್ರೆಮೋನಾ ಗಾಡಿಗೆ ಬದಲಿಸುತ್ತಾರೆ. ಸಣ್ಣ ಸ್ಟೇಷನ್ನು, ಪ್ಲಾಟ್‌ಫಾರಂ ದಾಟಲು ನೆಲದಡಿಯ ದಾರಿ. ಮಿಲಾನಿಗೆ ವಾಪಸ್ ಹೋಗುವ ಗಾಡಿಗಳೂ ಅಲ್ಲೇ ನಿಲ್ಲುತ್ತವೆ. ವಾಪಸ್ ಹೋಗುವ ಯೋಚನೆ ಯಾಕೆ ವೈನಿ, ನನ್ನ ಅಡುಗೆಯ ಭಯವೇ?

ಲೋಕಲ್ಲಿನಲ್ಲಿ ಸೀಟಿನ ನಂಬರು ಇರುವುದಿಲ್ಲ, ಮೊದಲು ಹತ್ತಿದವರು ಮೊದಲು ಕೂತರು. ಅದೂ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಹುಡುಗರು ದೊಡ್ಡ ದೊಡ್ಡ ಚೀಲ ಹೊತ್ತು ತುಂಬಿಕೊಳ್ಳುತ್ತಾರೆ. ಅಣ್ಣನಿಗೆ ಅದು ಹೇಳಿ ಮಾಡಿಸಿದ ಗಾಡಿ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಓಡುತ್ತ ಕಿಟಕಿಯಿಂದ ಟವೆಲ್ ಒಗೆದು ಮೂರು ಸೀಟು ಹಿಡಿಯುತ್ತಿದ್ದ. ಅವ್ವನೂ ನಾನೂ ಆರಾಮವಾಗಿ ಹಿಂದಿನಿಂದ ಬರುತ್ತಿದ್ದೆವು. ಸೀಟು ಸಿಗದೆ ನಿಂತುಕೊಂಡು ಹೋಗುವುದೆಂದರೆ ಅವನಿಗೆ ಈಗಲೂ ಅವಮಾನ.

ಬಾಗಿಲಿಗೆ ಗುಂಡಿ ಇರುತ್ತದೆ, ಹಸಿರು ದೀಪ ಇರುವ ತನಕ ಒತ್ತಿದರೆ ತೆರೆಯುತ್ತದೆ. ಸೀಟಿ ಕೂಗಿ ಮುಚ್ಚಿತೆಂದರೆ ಮುಗಿಯಿತು, ಒಳಗಿದ್ದವರು ಏನು ಮಾಡಿದರೂ ಮುಂದಿನ ಸ್ಟೇಷನ್ನಿನ ತನಕ ತೆರೆಯುವುದಿಲ್ಲ. ನಮ್ಮವರ ಹಾಗೆ ಬೀಳ್ಕೊಡಲು ಒಳಗೆ ಹೋಗಿ ಲಗೇಜ್ ಇಟ್ಟು, ಕೊನೆ ಗಳಿಗೆಯಲ್ಲಿ ಹಾರುವ ಚಟ ಇಲ್ಲಿ ನಡೆಯದು.

ಒಂದು ತಪ್ಪಾಯಿತು. ಭಾನುವಾರ ಅಣ್ಣನಿಗೆ ಫೋನ್ ಮಾಡಿದಾಗ ತಡೆಯಲಾರದೆ ಹೇಳಿಬಿಟ್ಟೆ, ವೈನಿಗೆ ರೈಲಿನ ಬಾಗಿಲಿನದೇ ಚಿಂತೆ ಎಂದು. ಬಿದ್ದು ಬಿದ್ದು ನಕ್ಕ. ನಿಮ್ಮನ್ನು ಈಗ ಕಾಡಿಸುತ್ತಿರಬಹುದು, ಸಿಟ್ಟಾಗಬೇಡಿ.

ನಿಮ್ಮ ಚಾಡಿಕೋರ ನಾದಿನಿ,
ನಿರುಪಮಾ


ಮೆಟುಚೆನ್
20 ಫೆಬ್ರವರಿ 2025

ನಿರು,

ಡ್ರೈವ್‌ವೇಯಲ್ಲಿ ಐಸ್ ಇರಲಿಲ್ಲ. ಮೇಲ್‌ಬಾಕ್ಸ್ ಕೂಡ ಗಟ್ಟಿಯಾಗಿ ನಿಂತಿದೆ.

ನಿನ್ನ ಫೋನ್ ಇಟ್ಟ ಮೇಲೂ ನಿಮ್ಮಣ್ಣ ನಗುತ್ತಲೇ ಇದ್ದರು. ನಗುತ್ತಲೇ ಅಡುಗೆಮನೆಗೆ ಬಂದು, "ಬಾಗಲಾ ಯಾಕ ಬೇಕಾತು ನಿನಗ?" ಎಂದು ಕೇಳಿದರು. ಕೂದಲು ಹಿಡಿದು ಫ್ರಿಜ್‌ನ ಬಾಗಿಲಿಗೆ ನನ್ನ ಮುಖ ಹೊಡೆದರು. ಇದು ಬಾಗಿಲು ಅಂದರು. ಓವನ್ನಿನ ಬಾಗಿಲಿಗೆ ಹೊಡೆದರು. ಇದೂ ಬಾಗಿಲು ಅಂದರು. ಹಾಗೆ ಮನೆಯಲ್ಲಿರುವ ಬಾಗಿಲುಗಳನ್ನೆಲ್ಲ ತೋರಿಸಿದರು. ಬೇಸ್‌ಮೆಂಟಿನ ಬಾಗಿಲಿಗೆ ಬರುವ ಹೊತ್ತಿಗೆ ನನಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಈಗಲೂ ಅದರಲ್ಲಿ ನೀರು ನಿಂತ ಹಾಗಿದೆ. ಹಲ್ಲೊಂದು ಅಲ್ಲಾಡುತ್ತಿದೆ, ಸಾರು ಅನ್ನ ಕಲಸಿಕೊಂಡು ನುಂಗುತ್ತೇನೆ.

ನಿನ್ನ ಮೇಲೆ ಸಿಟ್ಟಿದೆ. ಮುಚ್ಚಿಡುವುದಿಲ್ಲ. ಹೇಳಬೇಡವೆಂದು ಬರೆದಿದ್ದೆ.

ಮಣಿಕಟ್ಟಿನ ಸಂಗತಿಯನ್ನೂ ಕೇಳು. ಹೊಸ ವರ್ಷವಾಗಿ ಸ್ವಲ್ಪ ದಿನಕ್ಕೆ ನಾನು ಮನೆ ಬಿಟ್ಟೆ. ಬೆಲ್‌ರೋಸ್‌ನಲ್ಲಿ ಅಂಗಡಿ ಇಟ್ಟಿರುವ ರೇಣು ಆಂಟಿ ಗೊತ್ತಲ್ಲ, ಕನ್ನಡ ಸಂಘದಲ್ಲಿ ಸಿಗುತ್ತಾರೆ, ಏನಾದರೂ ಆದರೆ ನಮ್ಮನೆಗೆ ಬಾ ಅಂದಿದ್ದರು. ಇಲ್ಲಿಂದ ನ್ಯೂಯಾರ್ಕಿಗೆ ರೈಲು, ಅಲ್ಲಿ ಇನ್ನೊಂದು ರೈಲು ಹಿಡಿದು ಜಮೈಕಾ ಎಂಬ ಸ್ಟೇಷನ್, ಜಮೈಕಾದಲ್ಲಿ ಬೆಲ್‌ರೋಸ್ ಲೋಕಲ್ಲಿಗೆ ಬದಲಿಸಬೇಕು. ನಾನು ಒಂದು ಪ್ಲಾಟ್‌ಫಾರಂನಲ್ಲಿ ನಿಂತು ಕಾಯುತ್ತಿದ್ದೆ, ಬೆಲ್‌ರೋಸಿನ ಗಾಡಿ ಎದುರಿನ ಪ್ಲಾಟ್‌ಫಾರಂನಿಂದ ನನ್ನ ಕಣ್ಣೆದುರಿಗೇ ಹೊರಟುಹೋಯಿತು. ಮುಂದಿನದಕ್ಕೆ ಕಾಯುತ್ತ ಕೂತೆ. ನನ್ನ ಫೋನ್ ಎಲ್ಲಿದೆ ಎಂಬುದು ನಿಮ್ಮಣ್ಣನ ಫೋನಿನಲ್ಲಿ ಸದಾ ಕಾಣುತ್ತದೆ, ಅದು ನನಗೆ ಆಮೇಲೆ ತಿಳಿಯಿತು. ಮ್ಯಾನ್‌ಹಟನ್ನಿನ ಆಫೀಸಿನಿಂದ ನೇರ ಬಂದಿದ್ದರು. ಜನರ ಮುಂದೆ ನನ್ನ ಬ್ಯಾಗ್ ಎತ್ತಿಕೊಂಡು, ಚಳಿಯಾಗುತ್ತಾ ಎಂದು ಕೇಳಿದರು. ಬಾಡಿಗೆ ಕಾರಿನಲ್ಲಿ ಡ್ರೈವರ್ ಇದ್ದ, ಸುಮ್ಮನೆ ಕೈ ಹಿಡಿದುಕೊಂಡು ಕೂತಿದ್ದರು. ಹಿಡಿದ ಕೈಯನ್ನು ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ತಿರುಚಿದರು. ಮೆಟುಚೆನ್ ಬರುವಷ್ಟರಲ್ಲಿ ಅದು ಮುರಿದಿತ್ತು. ನಾನು ಬಾಯಿ ಬಿಡಲಿಲ್ಲ. ಡ್ರೈವರ್ ಗುಡ್ ನೈಟ್ ಹೇಳಿ ಹೋದ.

ಅದಕ್ಕೇ ರೈಲಿನ ಬಗ್ಗೆ ಕೇಳಿದ್ದು. ಇನ್ನೊಂದು ಸಲ ಗಾಡಿ ತಪ್ಪಿಸಿಕೊಂಡರೆ ನಾನು ಉಳಿಯುವುದಿಲ್ಲ.

ಅಕ್ಷತಾ


ಕ್ರೆಮೋನಾ
6 ಮಾರ್ಚ್ 2025

ವೈನಿಗೆ ಶರಣು.

ಅಣ್ಣನಿಗೆ ಮುಂಗೋಪ, ಒಪ್ಪುತ್ತೇನೆ. ಅವನ ಆಫೀಸಿನಲ್ಲಿ ಲೇಆಫ್ ಶುರುವಾಗಿದೆಯಂತೆ, ನಿದ್ದೆ ಇಲ್ಲವಂತೆ. ಅದನ್ನೂ ನೀವು ಸ್ವಲ್ಪ ನೋಡಬೇಕು. ನನ್ನ ಓದಿಗೆ ಫೀಸು ಕಟ್ಟಿದವನು ಅವನು. ನನ್ನನ್ನು ಇಲ್ಲಿಗೆ ಕಳಿಸುವಾಗ ಏರ್‌ಪೋರ್ಟಿನಲ್ಲಿ ಮಗುವಿನ ಹಾಗೆ ಅತ್ತ. ಅಂಥವನು ಮನುಷ್ಯರ ಕೈ ತಿರುಚಿ ಮುರಿಯುತ್ತಾನೆಂದು ನಾನು ಹೇಗೆ ನಂಬಲಿ? ನೀವು ಸುಳ್ಳು ಹೇಳುತ್ತೀರೆಂದು ನಾನು ಅನ್ನುತ್ತಿಲ್ಲ. ನೋವಿನಲ್ಲಿ ಒಂದು ಎರಡಾಗಿ ಕಾಣುತ್ತದೆ.

ಅಲ್ಲಿ ನಮ್ಮ ಭಾಷೆಯ ಕೌನ್ಸೆಲರುಗಳು ಇರುತ್ತಾರಂತೆ. ಇಬ್ಬರೂ ಕೂತು ಮಾತಾಡಿ. ಬೇಕಾದರೆ ಇಲ್ಲಿಗೆ ಬಂದಾಗ ನಾನೇ ನಿಮ್ಮಿಬ್ಬರನ್ನೂ ಕೂಡಿಸಿ ಮಾತಾಡುತ್ತೇನೆ. ಮೇ ತನಕ ತಾಳಿಕೊಳ್ಳಿ.

ನಿರುಪಮಾ


ಮೆಟುಚೆನ್
22 ಮಾರ್ಚ್ 2025

ನಿರುಪಮಾ,

ಇದು ಕೊನೆಯ ಕಾಗದ. ನಿನ್ನ ಉಪದೇಶಕ್ಕೆ ಉತ್ತರವಲ್ಲ. ಒಬ್ಬರಿಗಾದರೂ ಎಲ್ಲ ಪೂರ್ತಿ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಸಿಟ್ಟಿನಲ್ಲಿ ಒಂದು ಏಟು ಹಾಕಿ ಆಮೇಲೆ ಅಳುವ ಗಂಡಸರು ಇರುತ್ತಾರೆ ಎಂದು ಕೇಳಿದ್ದೇನೆ. ನಿನ್ನಣ್ಣ ಹಾಗಲ್ಲ. ಅವನಿಗೆ ಒಂದು ಕ್ರಮವಿದೆ. ಮೊದಲು ಪರದೆ ಎಳೆಯುತ್ತಾನೆ. ಟಿವಿಯ ಸದ್ದು ಏರಿಸುತ್ತಾನೆ. ವಾಚ್ ಬಿಚ್ಚುತ್ತಾನೆ, ಅದನ್ನು ಮೇಜಿನ ಮೇಲೆ ಬೋರಲು ಇಡುತ್ತಾನೆ. ತೋಳು ಮಡಚುತ್ತಾನೆ. ಅಷ್ಟು ಆಗುವ ತನಕ ನಾನು ಗೋಡೆಗೆ ಆತು ನಿಂತಿರಬೇಕು, ಅಲ್ಲಾಡಬಾರದು. ಮುಗಿದ ಮೇಲೆ ಕೈ ತೊಳೆದು ವಾಚ್ ಕಟ್ಟಿಕೊಂಡು ಚಹಾ ಕೇಳುತ್ತಾನೆ.

ಹೋದ ಭಾನುವಾರ ನಾನು ಸ್ನಾನ ಮಾಡಿ ಪೂಜೆಗೆ ಕೂತಿದ್ದೆ. ಲಿಂಗ ಅಂಗೈಯಲ್ಲಿತ್ತು. ಇಸ್ತ್ರಿ ಸರಿಯಾಗಿಲ್ಲವೆಂದು ಅಂಗಿ ತಂದು ಮುಖದ ಮೇಲೆ ಎಸೆದ. ಪೂಜೆ ಮುಗಿಸಿ ಏಳುತ್ತೇನೆ ಅಂದೆ. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಕರಡಿಗೆಯ ದಾರ ಹಿಂದಿನಿಂದ ಹಿಡಿದು, ನನ್ನನ್ನು ಅದರಲ್ಲೇ ಮೆಟ್ಟಿಲಿನ ತನಕ ಎಳೆದುಕೊಂಡು ಹೋದ. ಉಸಿರು ಕಟ್ಟಿ ಕಣ್ಣು ಕತ್ತಲಾಯಿತು. ದಾರ ಹರಿಯಿತು, ಅದಕ್ಕೆ ಬದುಕಿದೆ. ಲಿಂಗ ಎಲ್ಲೋ ಉರುಳಿಹೋಯಿತು. ನಾನು ಕಾರ್ಪೆಟ್ ಮೇಲೆ ತೆವಳುತ್ತ ಅದನ್ನು ಹುಡುಕುವಾಗ ಬೆನ್ನ ಮೇಲೆ ಒದೆಯುತ್ತಿದ್ದ. ಕೊನೆಗೆ ಸೋಫಾದ ಕೆಳಗೆ ಸಿಕ್ಕಿತು. ಈಗ ಕತ್ತಿನ ಸುತ್ತ ಒಂದು ಗೆರೆ ಇದೆ, ಶಾಲು ಹೊದ್ದುಕೊಂಡೇ ಲಕ್ಷ್ಮಮ್ಮನವರ ಮನೆಗೆ ಹೋಗುತ್ತೇನೆ. ಅವರು ಕಾಗದ ಕೈಗೆ ಕೊಡುವಾಗ ಕತ್ತನ್ನು ನೋಡಿ ಬೇರೆ ಕಡೆ ತಿರುಗುತ್ತಾರೆ.

ಮೇ ತನಕ ತಾಳಿಕೊಳ್ಳಿ ಎಂದು ಬರೆದೆಯಲ್ಲ, ನೀನೇ ಬಂದು ಒಂದು ವಾರ ತಾಳಿಕೊಂಡು ನೋಡು.

ಅಕ್ಷತಾ


ಕ್ರೆಮೋನಾ
3 ಏಪ್ರಿಲ್ 2025

ವೈನಿ,

ವಾಚ್ ಬೋರಲು ಇಡುವುದನ್ನು ನಿಮಗೆ ಯಾರೂ ಹೇಳಿರಲು ಸಾಧ್ಯವಿಲ್ಲ. ನಮ್ಮಪ್ಪ ಅವ್ವನನ್ನು ಹೊಡೆಯುವ ಮುಂಚೆ ವಾಚ್ ಬಿಚ್ಚಿ ರೇಡಿಯೋ ಪೆಟ್ಟಿಗೆಯ ಮೇಲೆ ಬೋರಲು ಇಡುತ್ತಿದ್ದರು. ಅದು ಕಂಡ ಕೂಡಲೇ ಅಣ್ಣ ನನ್ನನ್ನು ಮಂಚದ ಕೆಳಗೆ ಎಳೆದುಕೊಂಡು ಎರಡೂ ಕೈಯಿಂದ ನನ್ನ ಕಿವಿ ಮುಚ್ಚುತ್ತಿದ್ದ. ತಾನು ಮಾತ್ರ ಕೇಳಿಸಿಕೊಳ್ಳುತ್ತಿದ್ದ. ನೀವು ಬರೆದ ಪ್ರತಿ ಮಾತನ್ನೂ ನಂಬುತ್ತೇನೆ.

ಈಗ ಕೇಳಿ. ನಿಮ್ಮ ಮೊದಲ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಡುತ್ತೇನೆ.

ವೇಗದ ಗಾಡಿ ಬೇಡವೇ ಬೇಡ. ಸೀಟು ಗೊತ್ತಿರುವ ಗಾಡಿಯಲ್ಲಿ ಅವನಿಗೆ ಅವಸರವೇ ಇರುವುದಿಲ್ಲ, ನಿಮ್ಮ ಕೈ ಹಿಡಿದುಕೊಂಡೇ ಹತ್ತುತ್ತಾನೆ. ನೇರ ಲೋಕಲ್ಲೂ ಬೇಡ, ಅದು ಮಿಲಾನಿನಲ್ಲೇ ಖಾಲಿ ನಿಂತಿರುತ್ತದೆ. ಕೊದೋನ್ಯೊದಲ್ಲಿ ಬದಲಿಸುವ ದಾರಿಯೇ ಆಗಬೇಕು, ಶಾಲೆ ಬಿಡುವ ಹೊತ್ತೇ ಆಗಬೇಕು. ಪ್ಲಾಟ್‌ಫಾರಂ ತುಂಬ ಹುಡುಗರನ್ನು ಕಂಡರೆ ಅವನು ಸೀಟು ಹಿಡಿಯಲು ಓಡುತ್ತಾನೆ. ಅವನ ಕಾಲು ಓಡುತ್ತದೆ, ತಲೆ ಆಮೇಲೆ. ನೀವು ಹಿಂದೆ ಉಳಿಯಬೇಕು. ಸೀಟಿ ಕೂಗಿ ಬಾಗಿಲು ಮುಚ್ಚಲಿ. ಆಮೇಲೆ ನೆಲದಡಿಯ ದಾರಿಯಲ್ಲಿ ಆಚೆ ಪ್ಲಾಟ್‌ಫಾರಂಗೆ ಹೋಗಿ ಮಿಲಾನ್ ಕಡೆಯ ಗಾಡಿ ಹತ್ತಿ. ಟಿಕೆಟ್ ಕೊಳ್ಳಲು ನಿಲ್ಲಬೇಡಿ, ಯಾರಾದರೂ ಕೇಳಿದರೆ ಆಗ ನೋಡೋಣ. ಲೋದಿ ಎಂಬ ಸ್ಟೇಷನ್ನಿನಲ್ಲಿ ನಾನೇ ಅದೇ ಗಾಡಿ ಹತ್ತುತ್ತೇನೆ.

ಫೋನನ್ನು ಅವನ ಸೂಟ್‌ಕೇಸಿನ ಹೊರಜೇಬಿನಲ್ಲಿ ಹಾಕಿಬಿಡಿ. ಅದು ಅವನ ಜೊತೆಗೇ ಹೋಗಲಿ. ನಿಮ್ಮ ಪಾಸ್‌ಪೋರ್ಟ್ ಅವನ ಸೊಂಟದ ಚೀಲದಲ್ಲಿರುತ್ತದೆ, ಅದರ ಆಸೆ ಬಿಡಿ, ಕಾನ್ಸುಲೇಟಿನಲ್ಲಿ ಕೇಳಿದರಾಯಿತು. ಟೊರಿನೊದಲ್ಲಿ ಹೆಂಗಸರ ಆಶ್ರಯ ಮನೆಯೊಂದಿದೆ, ಮಾತಾಡಿದ್ದೇನೆ. ಇಬ್ಬರೂ ಅಲ್ಲಿಗೆ ಹೋಗೋಣ.

ಒಂದೇ ಕೆಲಸ ನಿಮ್ಮ ಮೇಲಿದೆ. ಲೋಕಲ್ಲೇ ಸರಿ ಎಂದು ಅವನೇ ಆರಿಸುವ ಹಾಗೆ ಮಾಡಬೇಕು.

ನಿರು


ಮೆಟುಚೆನ್
21 ಏಪ್ರಿಲ್ 2025

ನಿರು,

ಆರಿಸಿದ.

ನನಗೆ ಲೋಕಲ್ ಬೇಕು ಅಂದಿದ್ದರೆ ಈ ಜನ್ಮದಲ್ಲಿ ಅವನು ಲೋಕಲ್ ಹತ್ತುತ್ತಿರಲಿಲ್ಲ. ಹಾಗಾಗಿ ವೇಗದ ಗಾಡಿಯೇ ಬೇಕೆಂದು ಹಟ ಹಿಡಿದೆ. ಊಟಕ್ಕೆ ಕೂತಾಗ ಹೇಳಿದೆ, ಮಲಗುವಾಗ ಹೇಳಿದೆ. ಎಡಿಸನ್ನಿನಲ್ಲಿ ಅವನ ಗೆಳೆಯ ಜಗದೀಶನ ಮನೆಗೆ ಊಟಕ್ಕೆ ಹೋದಾಗ ಎಲ್ಲರೆದುರು ಹೇಳಿದೆ, ಇವರಿಗೆ ಜೀನತನ, ನನ್ನನ್ನು ಹುಡುಗರ ಜೊತೆ ಲೋಕಲ್ಲಿನಲ್ಲಿ ತುಂಬುತ್ತಾರೆ ಎಂದು. ಎಲ್ಲರೂ ನಕ್ಕರು. ಅವನೂ ನಕ್ಕ. ವಾಪಸ್ ಬರುವಾಗ ರೂಟ್ ಒನ್ ಹೆದ್ದಾರಿಯ ಬದಿಯ ಖಾಲಿ ಪಾರ್ಕಿಂಗ್ ಲಾಟ್ ಒಂದರಲ್ಲಿ ಕಾರು ನಿಲ್ಲಿಸಿದ. ವಾಚ್ ಬಿಚ್ಚಿ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ. ನಾನು ಸೀಟ್‌ಬೆಲ್ಟ್ ಹಾಕಿಕೊಂಡೇ ಇದ್ದೆ, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಪಕ್ಕೆಲುಬಿನಲ್ಲಿ ಏನೋ ಕಟ್ ಅಂದಿತು. ಹೊಡೆಯುತ್ತ ಹೊಡೆಯುತ್ತ ಹೇಳಿದ, "ಲೋಕಲ್‌ನ್ಯಾಗ ಕುಂದ್ರಸ್ತೀನಿ ನಿನ್ನ. ನಿಂದ್ರಸ್ತೀನಿ. ನೋಡ್ತಿರು."

ನನಗೆ ನಗು ಬಂತು ನಿರು. ಬಾಯಿಗೆ ಸೆರಗು ತುರುಕಿಕೊಂಡೆ. ಅಳುತ್ತಿದ್ದಾಳೆ ಅಂದುಕೊಂಡ.

ಉಸಿರೆಳೆದರೆ ನೋವು. ಆಸ್ಪತ್ರೆಗೆ ಹೋಗುವಂತಿಲ್ಲ. ಮೇ ಕೊನೆಯ ತನಕ ನೆಟ್ಟಗೆ ನಡೆಯಲು ಆದರೆ ಸಾಕು.

ಅಕ್ಷತಾ


ಕ್ರೆಮೋನಾ
5 ಮೇ 2025

ವೈನಿ,

ಇದು ನೀವು ಹೊರಡುವ ಮುಂಚೆ ಸಿಗುವ ಕೊನೆಯ ಕಾಗದ. ಓದಿ ಹರಿದುಹಾಕಿ.

ನೇರ ಗಾಡಿ ತಪ್ಪಬೇಕೆಂದರೆ ಹೋಟೆಲಿನಲ್ಲಿ ತಡ ಮಾಡಬೇಕು. ತಡ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತು. ನಾನು ಬೇರೆ ದಾರಿ ಯೋಚಿಸಿದೆ, ಸಿಗಲಿಲ್ಲ. ಕ್ಷಮಿಸಿ.

ಮನಸ್ಸು ಹಿಂದೆ ಸರಿದರೆ ಸುಮ್ಮನೆ ಅವನ ಜೊತೆ ಹತ್ತಿ ನಮ್ಮನೆಗೆ ಬನ್ನಿ. ಏನೂ ಗೊತ್ತಿಲ್ಲದವಳ ಹಾಗೆ ರೊಟ್ಟಿ ಮಾಡಿ ಬಡಿಸುತ್ತೇನೆ. ಆದರೆ ಸರಿಯಬೇಡಿ.

ನಿರು


ಟೊರಿನೊ
31 ಮೇ 2025

ನಿರು,

ಇದನ್ನು ಮನೆಗಲ್ಲ, ನೀನು ಕೆಲಸ ಮಾಡುವ ಲ್ಯಾಬಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಇಲ್ಲಿಯವರು ಫೋನ್ ಬೇಡ ಅಂದಿದ್ದಾರೆ.

ರೈಲಿನಲ್ಲಿ ನಿನಗೆ ಏನೂ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಹೋಟೆಲಿನಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಕೂತೆ. ಹೊರಗೆ ಬಂದಾಗ ಮುರಿದ ಪಕ್ಕೆಗೇ ಮೊಣಕೈಯಿಂದ ಗುದ್ದಿದ. ನೇರ ಗಾಡಿ ತಪ್ಪಿತು. ಪಿಯಾಚೆಂಝಾ ಗಾಡಿಯಲ್ಲಿ ಕೊದೋನ್ಯೊ ತನಕ ನನ್ನ ಕೈ ಬಿಡಲೇ ಇಲ್ಲ. ಇಳಿದೆವು. ನೆಲದಡಿಯ ದಾರಿಯಲ್ಲೂ ಹಿಡಿದೇ ಇದ್ದ, ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ನಾನು. ಮೆಟ್ಟಿಲು ಹತ್ತಿ ಮೇಲೆ ಬಂದರೆ ನೀನು ಬರೆದ ಹಾಗೇ ಇತ್ತು. ಪ್ಲಾಟ್‌ಫಾರಂ ತುಂಬ ಶಾಲೆಯ ಮಕ್ಕಳು, ಗಾಡಿ ಆಗಲೇ ಬಂದು ನಿಂತು ಎಲ್ಲರೂ ಬಾಗಿಲಿಗೆ ಮುಗಿಬಿದ್ದಿದ್ದರು. ಅವನ ಕೈ ನನ್ನನ್ನು ಬಿಟ್ಟದ್ದು ಅವನಿಗೇ ಗೊತ್ತಾಗಲಿಲ್ಲ. "ನೀ ಬಾ ಹಿಂದ, ನಾ ಸೀಟು ಹಿಡೀತೀನಿ" ಎಂದು ನನ್ನ ಫೋನ್ ಅಡಗಿಸಿಟ್ಟಿದ್ದ ಸೂಟ್‌ಕೇಸ್ ಅಡ್ಡ ಹಿಡಿದು ಮಕ್ಕಳನ್ನು ತಳ್ಳಿಕೊಂಡು ಒಳಗೆ ನುಗ್ಗಿದ.

ನಾನು ನಿಂತೆ. ಕಾಲು ಅಭ್ಯಾಸದಿಂದ ಒಂದು ಹೆಜ್ಜೆ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ.

ಕಿಟಕಿಯಲ್ಲಿ ಕಂಡ. ಎರಡು ಸೀಟಿನ ಮೇಲೆ ಜಾಕೆಟ್ ಹರಡಿ, ನನ್ನತ್ತ ತಿರುಗಿ ಬಾ ಎಂದು ಕೈ ಮಾಡಿದ. ಸೀಟಿ ಕೂಗಿತು. ಬಾಗಿಲು ಮುಚ್ಚಿಕೊಳ್ಳುವಾಗ ಅವನ ಮುಖ ಬದಲಾದದ್ದು ನೋಡಿದೆ. ಎದ್ದು ಬಂದು ಗುಂಡಿ ಒತ್ತಿದ. ಮತ್ತೆ ಮತ್ತೆ ಒತ್ತಿದ. ನಾನು ಅವನನ್ನೇ ನೋಡುತ್ತಿದ್ದೆ, ತಲೆ ತಗ್ಗಿಸಲಿಲ್ಲ. ಅದು ಅವನಿಗೆ ಅರ್ಥವಾಯಿತು. ಬಾಗಿಲಿನ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಮಕ್ಕಳು ಚೀರಿಕೊಂಡು ಹಿಂದೆ ಸರಿದರು. ಅಪಾಯದಲ್ಲಿ ಗಾಜು ಒಡೆಯಲೆಂದು ಗೋಡೆಗೆ ಸಿಕ್ಕಿಸಿದ್ದ ಸಣ್ಣ ಸುತ್ತಿಗೆ ಕಿತ್ತುಕೊಂಡು ಹೊಡೆದ, ಗಾಜು ಬಿರುಕು ಬಿಟ್ಟಿತು. ಬಿರುಕಿನ ಮೇಲೇ ಮತ್ತೆ ಕೈ ಹೊಡೆದ. ಗಾಜು ಕೆಂಪಾಗಿ ಅವನ ಮುಖ ಕಾಣದಾಯಿತು. ಗಾಡಿ ಹೊರಟಿತು. ಗುದ್ದುವ ಸದ್ದು ಸ್ವಲ್ಪ ದೂರದ ತನಕ ಕೇಳಿಸುತ್ತಿತ್ತು, ನನ್ನ ಒಳ್ಳೆಯ ಕಿವಿಗೆ.

ಲೋದಿಯಲ್ಲಿ ನೀನು ಹತ್ತಿದಾಗ ನಾನು ಟಾಯ್ಲೆಟ್ಟಿನ ಪಕ್ಕ ನೆಲದ ಮೇಲೆ ಕೂತಿದ್ದೆ. ನೀನೂ ನೆಲಕ್ಕೇ ಕೂತೆ.

ಟೊರಿನೊ ತನಕ ಬರುತ್ತೇನೆಂದು ನೀನು ಬರೆದಿದ್ದೆ. ಮಿಲಾನಿನಲ್ಲಿ ಆಶ್ರಯ ಮನೆಯ ಹೆಂಗಸಿನ ಕೈಗೆ ನನ್ನನ್ನು ಕೊಟ್ಟು ಇಳಿದುಹೋದೆ. ನಾನು ಮನೆಯಲ್ಲಿರದಿದ್ದರೆ ಅವನಿಗೆ ಅನುಮಾನ ಬರುತ್ತದೆ ಎಂದು ನೀನೇ ಅಂದೆ. ಆ ಗಳಿಗೆಯಲ್ಲಿ ನನ್ನ ತಲೆ ಕೆಲಸ ಮಾಡುತ್ತಿರಲಿಲ್ಲ, ಹೋಗಲು ಬಿಟ್ಟೆ. ಅವನು ಬಂದನೇ? ಏನೆಂದ? ಕೂಡಲೇ ಬರೆ.

ಅಕ್ಷತಾ


ಕ್ರೆಮೋನಾ
6 ಜೂನ್ 2025

ವೈನಿಗೆ ಶರಣು.

ನಿಮ್ಮ ಕಾಗದ ಲ್ಯಾಬಿನ ಗೆಳತಿ ಮನೆಗೆ ತಂದುಕೊಟ್ಟಳು. ಓದಿ ಸುಟ್ಟೆ.

ಅಣ್ಣ ಬಂದಿದ್ದ. ಕೈಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದ. ವೈನಿ ಎಲ್ಲಿ ಎಂದು ಕೇಳಿದ, ನನಗೇನು ಗೊತ್ತು ಅಂದೆ, ನಂಬಿದ. ಊಟ ಮಾಡಿದ, ಚಹಾ ಕುಡಿದ, ಹೋದ. ಅಷ್ಟೇ. ನೀವು ಏನೇನೋ ಕಲ್ಪಿಸಿಕೊಂಡು ನಿದ್ದೆಗೆಡಬೇಡಿ. ಇಲ್ಲಿಗೆ ಬರುವ ಯೋಚನೆಯಂತೂ ಮಾಡಲೇಬೇಡಿ.

ಅಕ್ಷರ ಸೊಟ್ಟಗಿದ್ದರೆ ಬೇಜಾರಾಗಬೇಡಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಚ್ಚಲಲ್ಲಿ ಕಾಲು ಜಾರಿ ಬಿದ್ದೆ. ನೀವು ಐಸ್ ಮೇಲೆ, ನಾನು ಸೋಪಿನ ಮೇಲೆ. ಕೆಲವು ದಿನ ಲ್ಯಾಬಿಗೆ ರಜೆ ಹಾಕಿದ್ದೇನೆ.

ಅಣ್ಣ ಮೇಜಿನ ಮೇಲೆ ವಾಚ್ ಮರೆತು ಹೋಗಿದ್ದಾನೆ. ಜೆರ್ಸಿಗೆ ಕೊರಿಯರ್ ಮಾಡಬೇಕು.

ನಿಮ್ಮ ನಿರು


ಕ್ರೆಮೋನಾ ಗಾಡಿಯಲ್ಲಿ
11 ಜೂನ್ 2025

ನಿರು,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬೆಲ್ ಮಾಡಿದರೆ ನೀನು ತೆಗೆಯುವುದಿಲ್ಲವೆಂದು ಗೊತ್ತು, ನಾನೂ ತೆಗೆಯುತ್ತಿರಲಿಲ್ಲ. ಬಾಗಿಲ ಕೆಳಗಿನಿಂದ ಒಳಗೆ ತಳ್ಳುತ್ತೇನೆ.

ನಿನ್ನ ಕಾಗದ ಬಂದಾಗ ಆಶ್ರಯ ಮನೆಯವರು ಹೊರಗೆ ಹೋಗಬೇಡ ಅಂದರು. ಅವನು ಇನ್ನೂ ಆ ಊರಿನಲ್ಲೇ ಇರಬಹುದು, ನಿನ್ನನ್ನು ಮುಂದಿಟ್ಟುಕೊಂಡು ನನಗಾಗಿ ಕಾಯುತ್ತಿರಬಹುದು ಅಂದರು. ಇರಬಹುದು. ನಿನ್ನಣ್ಣ ಹೋದನೋ ಇದ್ದಾನೋ ನೀನು ಸರಿಯಾಗಿ ಬರೆದಿಲ್ಲ. ವಾಚ್ ಬಿಟ್ಟುಹೋಗಿದ್ದರೆ ಅದಕ್ಕಾಗಿ ಬಂದೇ ಬರುತ್ತಾನೆ. ನನಗೆ ಭಯವಾಗುತ್ತಿದೆ, ಆದರೂ ಬರುತ್ತಿದ್ದೇನೆ.

ಎಲ್ಲವನ್ನೂ ಅಲ್ಲಿಯ ವಕೀಲೆಗೆ ಹೇಳಿದೆ. ಐದು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಅವಳು ಬರೆದುಕೊಳ್ಳುತ್ತ ಹೋದಳು. ಕೊನೆಗೆ, ನಿಮ್ಮ ಊರಿನಲ್ಲಿ ಆದದ್ದಕ್ಕೆ ಇಲ್ಲಿ ಕೇಸು ಹಾಕುವುದು ಕಷ್ಟ, ಹೋಟೆಲಿನ ಗುದ್ದಿಗೆ ಸಾಕ್ಷಿಯಿಲ್ಲ, ನಿಮ್ಮ ನಾದಿನಿಗೆ ಆದದ್ದು ಇಲ್ಲೇ ಆಗಿದೆ, ಅವಳು ಬಾಯಿ ಬಿಟ್ಟರೆ ಅವನನ್ನು ಹಿಡಿಯಬಹುದು ಅಂದಳು. ವಕೀಲೆಯೂ ನನ್ನ ಜೊತೆ ಬಂದಿದ್ದಾಳೆ. ನಿಮ್ಮೂರಿನ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ಪೊಲೀಸ್ ಕೂಡಿಕೊಳ್ಳುತ್ತಾಳೆ.

ಈ ಸಲ ಗಾಡಿ ನಾನೇ ಆರಿಸಿದೆ. ಟೊರಿನೊದಿಂದ ಮಿಲಾನ್, ಅಲ್ಲಿಂದ ಲೋಕಲ್, ಕೊದೋನ್ಯೊದಲ್ಲಿ ಬದಲಿಸಿದೆ. ವಕೀಲೆ ನೇರ ಗಾಡಿಯಿದೆ ಅಂದಳು, ಬೇಡ ಅಂದೆ. ಆ ಪ್ಲಾಟ್‌ಫಾರಂನಲ್ಲಿ ನಿಂತು, ಗುಂಡಿ ಒತ್ತಿ, ಗಾಡಿಯ ಒಳಗೆ ಹೋಗಬೇಕಿತ್ತು ನನಗೆ. ಶಾಲೆಗೆ ರಜೆ ಬಿದ್ದಿದೆ, ಸೀಟುಗಳೆಲ್ಲ ಖಾಲಿ ಇವೆ.

ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ನಂಬಲಿಲ್ಲವೆಂದು. ಈಗ ನೀನು ನನ್ನ ಸುಳ್ಳನ್ನೇ ನನಗೆ ಬರೆದು ಕಳಿಸಿದ್ದೀ. ಕಾಲು ಜಾರಿತು ಅಂತೆ, ಊಟ ಮಾಡಿ ಹೋದ ಅಂತೆ. ಉಂಡು ಚಹಾ ಕುಡಿಯಲು ಯಾರಾದರೂ ವಾಚ್ ಬಿಚ್ಚುತ್ತಾರಾ ನಿರು? ಮಂಚದ ಕೆಳಗೆ ನಿನ್ನ ಕಿವಿ ಮುಚ್ಚಿದ ಕೈ ಅದೇ ಎಂದು ನಿನಗೆ ಸಂಕಟವಾಗುತ್ತಿದೆ, ನನಗೆ ಗೊತ್ತು. ಸಂಕಟ ಇರಲಿ. ಅದಕ್ಕಾಗಿ ಇನ್ನೊಂದು ಕೈ ಮುರಿಸಿಕೊಳ್ಳಬೇಕಾಗಿಲ್ಲ.

ವಾಚನ್ನು ಮುಟ್ಟಬೇಡ, ಕೊರಿಯರ್ ಮಾಡಬೇಡ. ಅವನು ಹೇಗೆ ಇಟ್ಟಿದ್ದನೋ ಹಾಗೇ ಇರಲಿ, ಇವರು ನೋಡಲಿ.

ಸೀಟಿ ಕೂಗಿ ಮುಚ್ಚಿದ ಮೇಲೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂದು ನೀನು ಬರೆದಿದ್ದೆ. ಅದು ರೈಲಿನ ಮಾತು. ಇದು ನಿನ್ನ ಮನೆ. ಇಲ್ಲಿ ಒಳಗಿದ್ದವಳೇ ತೆರೆಯಬೇಕು. ನಾನು ಹೊರಗೆ ನಿಂತಿದ್ದೇನೆ, ಎಷ್ಟು ಹೊತ್ತಾದರೂ ನಿಲ್ಲುತ್ತೇನೆ. ಬಾಗಿಲು ತೆಗಿ.

ನಿನ್ನ ವೈನಿ